ಬೆಣ್ಣೆ ಸುಮ್ಮನಾಗುವ ಹೊತ್ತು

ನಿನ್ನೆ ಮಧ್ಯಾಹ್ನ ಜತ್ತದಿಂದ ಬಂದು ಉಟಗಿಯಲ್ಲಿ ಬಸ್ಸಿಳಿದೆ. ಇಳಿದು ಹತ್ತು ಹೆಜ್ಜೆ ಇಟ್ಟಿರಲಿಕ್ಕಿಲ್ಲ, ನಮ್ಮ ಮನೆಯ ಕಡೆಯಿಂದ ಬೆಣ್ಣೆ ಕಾಯುವ ವಾಸನೆ ಬಂತು. ಬೆಣ್ಣೆ ಕಾಯುವುದಕ್ಕೆ ಒಂದೇ ವಾಸನೆ ಅಂದುಕೊಂಡವರು ಜೀವನದಲ್ಲಿ ಒಲೆಯ ಮುಂದೆ ಕುಳಿತಿಲ್ಲ ಎಂದೇ ತಿಳಿಯಬೇಕು. ಮೊದಲು ಬರುವುದು ಹುಳಿ ವಾಸನೆ. ಆಮೇಲೆ ಹಾಲಿನದು. ಕೊನೆಗೆ ಹುರಿದ ಶೇಂಗಾದಂಥದ್ದು ಬರುತ್ತದಲ್ಲ, ಅದು ಬಂತೆಂದರೆ ಒಲೆಯ ಮುಂದಿನವರು ಬಾಯಿ ಮುಚ್ಚಿ ಕಿವಿ ತೆರೆಯಬೇಕು. ನನಗೆ ಬಂದದ್ದು ಆ ಕೊನೆಯದು. ಚೀಲ ಹೆಗಲಲ್ಲೇ ಇತ್ತು. ಹಿಂದಿನಿಂದ ಬಂದ ಜೀಪು ಹಾರ್ನ್ ಹೊಡೆದರೂ ನಾನು ರಸ್ತೆ ನಡುವೆ ನಿಂತೇ ಇದ್ದೆ. ಐದು ವರ್ಷದ ಹಿಂದಿನ ಚಳಿಗಾಲ ಇಡಿಯಾಗಿ ಮೂಗಿನೊಳಗೆ ಹೊಕ್ಕಿತ್ತು.

ನಮ್ಮ ಮಾವ, ಅಂದರೆ ನನ್ನ ಗಂಡನ ತಂದೆ ಶಿವಲಿಂಗಪ್ಪನವರು, ತುಪ್ಪದ ವ್ಯಾಪಾರಿ. ವಳಸಂಗ, ದರಿಬಡಚಿ ಕಡೆಯ ಮನೆಮನೆಗಳಿಂದ ಬೆಣ್ಣೆ ತಂದು, ಮನೆಯ ಹಿತ್ತಲಿನ ಒಲೆಯಲ್ಲಿ ಕಾಸಿ, ಜತ್ತದ ಸಂತೆಗೆ ಒಯ್ಯುವವರು. ಅಂಗೈಯ ಹಿಂಬದಿಗೆ ಒಂದು ಹನಿ ತುಪ್ಪ ಸವರಿ ಮೂಸಿದರೆ ಸಾಕು, ಎಮ್ಮೆ ಕರಡದ ಹುಲ್ಲು ತಿಂದಿದೆಯೋ ಶೇಂಗಾ ಹೊಟ್ಟು ತಿಂದಿದೆಯೋ ಹೇಳುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಇದು ಬರೀ ಬಡಾಯಿ ಎಂದುಕೊಂಡು, ಎರಡು ಡಬ್ಬಿ ಅದಲುಬದಲು ಮಾಡಿ ಇಟ್ಟು ನೋಡಿದ್ದೆ. ಮೂಸಿದವರೇ ಡಬ್ಬಿ ಕೆಳಗಿಟ್ಟು, "ಸುಮಿತ್ರಾ, ಪರೀಕ್ಷಾ ಪಾಸಾದ್ನೇನು?" ಅಂದರು. ಅವತ್ತಿನಿಂದ ನಮ್ಮಿಬ್ಬರಿಗೂ ಭಾಳ ಸ್ನೇಹ.

ಆ ವರ್ಷ ಮಳೆಗಾಲದಲ್ಲಿ ಅವರಿಗೆ ಮೂತ್ರದಲ್ಲಿ ಕೆಂಪು ಕಾಣಿಸಿತಂತೆ. ನೋವಿಲ್ಲ, ಉರಿಯಿಲ್ಲ. ಒಂದು ಸಲ ಬಂದು ಹೋಯಿತು. ಗಡಿಯ ನಮ್ಮ ಜತ್ತ ತಾಲೂಕು ಹೇಳಿಕೇಳಿ ದಾಳಿಂಬರಿಯದು. ಯಾರ ತೋಟಕ್ಕೆ ಹೋದರೂ ಒಂದು ಕೈಗೆ ಕೊಡುತ್ತಾರೆ. ಹಣ್ಣು ತಿಂದದ್ದಕ್ಕೆ ಬಣ್ಣ ಬಂತು ಎಂದುಕೊಂಡರು ನಮ್ಮ ಮಾವ. ಎರಡನೆಯ ಸಲ ಬಂದಾಗ ಉಷ್ಣ ಎಂದು ಕೊತ್ತಂಬರಿ ಬೀಜದ ನೀರು ಕುಡಿದರು. ಮೂರನೆಯ ಸಲ ಬಂದಾಗ ಅಂಗಳದ ಕಲ್ಲಿನ ಮೇಲಿನ ಕಲೆಯನ್ನು ನಾನೇ ನೋಡಿದೆ.

"ಇದೇನ್ರಿ ಮಾಮಾ?"

"ದಾಳಿಂಬ್ರಿ ತಿಂದಿದ್ನೆವ್ವಾ."

"ನಾಕ ದಿನ ಆತು, ಮನಿಯಾಗ ದಾಳಿಂಬ್ರಿ ಸಿಪ್ಪಿನೂ ಇಲ್ಲ. ಯಾರಿಗಿ ಹೇಳ್ತೀರಿ?"

ನನ್ನ ಬಾಯಿ ಹೀಗೆಯೇ. ನಮ್ಮ ಮನೆಯವರು ಜಿಲ್ಲಾ ಪರಿಷತ್ ಸಾಲೆಯ ಮಾಸ್ತರರು. ಮೆತ್ತಗೆ ಹೇಳು ಎಂದು ಇಪ್ಪತ್ತು ವರ್ಷದಿಂದ ಕಲಿಸುತ್ತಿದ್ದಾರೆ, ನಾನು ಪಾಸಾಗಿಲ್ಲ.

ಮಿರಜಿನ ಒಂದು ದವಾಖಾನೆಯಲ್ಲಿ ಕ್ಯಾಮೆರಾ ಬಿಟ್ಟು ನೋಡಿದರು. ಮೂತ್ರಕೋಶದಲ್ಲಿ ಗಡ್ಡೆ. ಕೆರೆದು ತೆಗೆದರು. ಕ್ಯಾನ್ಸರ್ ಎಂದರು, ಆದರೆ ಒಳಗಿನ ಸ್ನಾಯುವಿಗೆ ಇಳಿದಿಲ್ಲ, ಮೇಲುಪದರದಲ್ಲೇ ಇದೆ, ಅದು ಮತ್ತೆ ಚಿಗುರದಂತೆ ವಾರಕ್ಕೊಂದು ಸಲದಂತೆ ಆರು ಸಲ ಔಷಧ ಬಿಡಬೇಕು, ಆರೂ ಮುಗಿಸಲೇಬೇಕು ಎಂದರು. ದೀಪಾವಳಿ ಮುಗಿದ ಮೇಲೆ ಶುರು. ಆರು ಗುರುವಾರ. ಮಾಸ್ತರರಿಗೆ ರಜೆ ಸಿಗದು. ಹಾಗಾಗಿ ನಸುಕಿನ ಬಸ್ಸು, ಮಾವ, ನಾನು.

ಆ ಪ್ರಯಾಣಗಳು ಈಗ ಕನಸಿನಂತೆ ನೆನಪಾಗುತ್ತವೆ. ಕಿಟಕಿಯ ಗಾಜಿನ ಮೇಲೆ ಮಂಜು. ಹೊರಗೆ ಸೊಂಟದೆತ್ತರದ ಬಿಳಿಜೋಳ, ಹೊಲದ ಮೇಲೆ ಯಾರೋ ತೆಳ್ಳನೆಯ ಪಂಚೆ ಹರವಿಟ್ಟಂತೆ ಹೊಗೆಬಣ್ಣದ ಬೆಳಕು. ಕುರಿಹಿಂಡು ರಸ್ತೆ ದಾಟುವ ತನಕ ಬಸ್ಸು ಉಸಿರು ಹಿಡಿದು ನಿಲ್ಲುತ್ತಿತ್ತು. ಮಾವ ಮಫ್ಲರು ಸುತ್ತಿಕೊಂಡು, ಹಣೆಯ ವಿಭೂತಿ ಅಳಿಯದಂತೆ ತಲೆಯನ್ನು ಸೀಟಿಗೆ ಓರೆಯಾಗಿ ಇಟ್ಟು ನಿದ್ದೆ ಹೋಗುತ್ತಿದ್ದರು. ಯಾವ ಊರು ಬಂತೆಂದು ಕಣ್ಣು ತೆರೆಯದೆಯೇ ಹೇಳುತ್ತಿದ್ದರು. ಹೇಗೆ ಗೊತ್ತಾಯಿತು ಎಂದರೆ, "ಒಲಿ ಹೊಗಿ ವಾಸನಿ" ಅನ್ನುತ್ತಿದ್ದರು.

ಔಷಧ ಎಂದರೆ ಏನು ಅಂತೀರಿ? ಕೂಸುಗಳ ತೋಳಿಗೆ ಚುಚ್ಚುವ ಕ್ಷಯದ ಲಸಿಕೆ ಇದೆಯಲ್ಲ, ಅದೇ ಜಾತಿಯದು. ಸಣ್ಣ ನಳಿಕೆಯಿಂದ ಮೂತ್ರಕೋಶದೊಳಗೆ ಬಿಡುತ್ತಾರೆ. ಮೈಯ ಕಾವಲುಗಾರರು ಎಚ್ಚೆತ್ತು ಅಲ್ಲಿಗೆ ಓಡಿಬಂದು, ಉಳಿದ ಕೆಟ್ಟ ಕೋಶಗಳನ್ನೂ ಹೊಡೆದುಹಾಕಲಿ ಎಂದು.

"ಕೂಸಿಗಿ ತೋಳಿಗಿ ಹಾಕ್ತಾರ, ನನಗ ಎಲ್ಲಿ ಹಾಕ್ತೀರೆವ್ವಾ ನೀವು!" ಎಂದು ಮಾವ ನಾಚಿ ಗೋಡೆಯ ಕಡೆ ಮುಖ ಮಾಡಿದ್ದರು. ಡಾಕ್ಟರಬಾಯಿ ಅನಘಾ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮರಾಠಿಯವಳು, ಕೆಲಸದ ಜೊತೆಗೆ ಇನ್ನೂ ಓದುತ್ತಿದ್ದವಳು. ಮಾವನಿಗೆ ಸಂತೆಯ ಮರಾಠಿ ನೀರು ಕುಡಿದಷ್ಟು ಸಲೀಸು, ಆದರೆ ನಾಚಿಕೆಯಾದಾಗ ಕನ್ನಡವೇ ಬಾಯಿಗೆ ಬರುತ್ತಿತ್ತು. ಅವಳಿಗೆ ಅರ್ಥವಾಗದಿದ್ದರೂ ನಕ್ಕಳು.

ಬಿಟ್ಟ ಔಷಧವನ್ನು ಎರಡು ತಾಸು ಹಿಡಿದಿಟ್ಟುಕೊಳ್ಳಬೇಕು. ಸುಮ್ಮನೆ ಮಲಗುವಂತಿಲ್ಲ. ಹದಿನೈದು ನಿಮಿಷ ಅಂಗಾತ, ಹದಿನೈದು ಎಡಕ್ಕೆ, ಹದಿನೈದು ಬೋರಲು, ಹದಿನೈದು ಬಲಕ್ಕೆ, ಮತ್ತೆ ಮೊದಲಿನಿಂದ. ಔಷಧ ಎಲ್ಲ ಕಡೆ ತಾಗಲಿ ಎಂದು. ಹೊತ್ತು ನೋಡುವ ಕೆಲಸ ನನ್ನ ಫೋನಿನದು. ಮಾವನಿಗೆ ಇದು ಮೊದಲ ದಿನವೇ ತಿಳಿದುಹೋಯಿತು. "ಬೆಣ್ಣಿ ಕಾಸು ಪಾತೇಲಿ ತಿರಗಿಸಿದಂಗ. ಒಂದ ಕಡಿ ತಳಾ ಹತ್ತಬಾರದಲ್ಲ?" ಅಂದರು. ತಿರುಗುತ್ತ ತಿರುಗುತ್ತ ಕಥೆ ಹೇಳುತ್ತಿದ್ದರು. ಪ್ರಾಯದಲ್ಲಿ ವಳಸಂಗದಿಂದ ತಲೆಯ ಮೇಲೆ ಬೆಣ್ಣೆಯ ಗಡಿಗೆ ಹೊತ್ತು ನಡೆದು ಬರುವಾಗ, ಬಿಸಿಲೇರಿ ಬೆಣ್ಣೆ ಕರಗಿ ಕಿವಿಯ ಹಿಂದೆ ಇಳಿದದ್ದು. ಎರಡು ನಾಯಿಗಳು ಮೂರು ಮೈಲಿ ಜೊತೆಗೆ ಬಂದದ್ದು. ಕಣ್ಣು ಮುಚ್ಚಿ ಹೇಳುತ್ತಿದ್ದರೆ ಆ ಬಿಳಿ ಕೋಣೆಯಲ್ಲಿ ಎಮ್ಮೆಗಳು ಮೇಯುತ್ತಿದ್ದವು.

ಎರಡನೆಯ ಗುರುವಾರ ನಾನು ತಪ್ಪು ಮಾಡಿದೆ.

ಮಾವ ಮಲಗಿದ್ದಾಗ ಪಡಸಾಲೆಯಲ್ಲಿ ಡಾಕ್ಟರಬಾಯಿ ಸಿಕ್ಕಳು. ನೀವು ಓದುತ್ತಿರುವುದು ಏನು ಎಂದು ಕೇಳಿದೆ. ಕೇಳುವ ಚಟ ನನಗೆ. ಅವಳು ಪ್ರೀತಿಯಿಂದ ಹೇಳಿದಳು: ಕ್ಯಾನ್ಸರಿನ ಕೋಶಗಳು ಕೊಲೆಸ್ಟ್ರಾಲನ್ನು ಹೇಗೆ ಬಳಸಿಕೊಳ್ಳುತ್ತವೆ, ಮೂತ್ರಕೋಶದ ಗಡ್ಡೆ ಬೆಳೆದು ಹರಡುವುದರಲ್ಲಿ ಅದರ ಪಾಲೆಷ್ಟು ಎಂಬುದನ್ನು ನೋಡುತ್ತಿದ್ದೇನೆ, ಇನ್ನೂ ಹುಡುಕಾಟದ ಹಂತದಲ್ಲಿದೆ ಎಂದು. ಇನ್ನೂ ಏನೇನೋ ಹೇಳುತ್ತಿದ್ದಳು. ನನ್ನ ಫೋನು ಹೊಡೆದುಕೊಂಡಿತು, ಮಾವನನ್ನು ಎಡಕ್ಕೆ ತಿರುಗಿಸುವ ಹೊತ್ತು. ಓಡಿದೆ. ಅರ್ಧ ಮಾತು ಅಲ್ಲೇ ಉಳಿಯಿತು, ಅರ್ಧ ನನ್ನ ಜೊತೆ ಉಟಗಿಗೆ ಬಂತು.

ಸಂಜೆ ಊಟಕ್ಕೆ ಕುಳಿತಾಗ, ಮಾವ ಬಿಸಿ ರೊಟ್ಟಿಯ ಮೇಲೆ ತುಪ್ಪ ಸುರಿದುಕೊಳ್ಳುತ್ತಿದ್ದಾಗ, ಅಂದುಬಿಟ್ಟೆ: "ಮಾಮಾರಿ, ಕ್ಯಾನ್ಸರಿನ ಕೋಶ ಕೊಲೆಸ್ಟ್ರಾಲ್ ತಿಂದ ಬೆಳಿತಾವಂತ್ರಿ. ಡಾಕ್ಟರಬಾಯಿ ಹೇಳಿದ್ಲು."

ಅವರ ಕೈ ಅಲ್ಲಿಯೇ ನಿಂತಿತು. "ಕೊಲೆಸ್ಟ್ರಾಲ್ ಅಂದ್ರ?"

"ತುಪ್ಪ, ಬೆಣ್ಣಿ, ಅದರಾಗಿಂದ್ರಿ."

ಅಷ್ಟೇ ಸಾಲದೆಂದು ಫೋನಿನಲ್ಲಿಯೂ ಬರೆದೆ. ತುಪ್ಪ ತಿನ್ನುವವರೇ, ಗಡ್ಡೆಗೆ ಗೊಬ್ಬರ ಹಾಕುತ್ತಿದ್ದೀರಿ, ಹುಷಾರ್ ಎಂದು. ನನ್ನ ಬರಹ ಓದುವ ನೀವೇ ಎಷ್ಟು ಜನ ಅದನ್ನು ಹಂಚಿಕೊಂಡಿರಿ, ನೆನಪಿದೆಯೇ? ನನಗೆ ನೆನಪಿದೆ.

ಮರುದಿನ ಮಾವ ತುಪ್ಪದ ಡಬ್ಬಿಗಳನ್ನೆಲ್ಲ ಅಟ್ಟಕ್ಕೇರಿಸಿದರು. ಕಾಸುವ ದೊಡ್ಡ ಪಾತೇಲಿಯನ್ನು ತೊಳೆದು, ಒರೆಸಿ, ಗೋಡೆಗೆ ಮುಖ ಮಾಡಿ ಬೋರಲು ಹಾಕಿದರು. ಒಣ ರೊಟ್ಟಿ, ನೀರುಬೇಳೆ. ಮಜ್ಜಿಗೆಯನ್ನೂ ಬಿಟ್ಟರು. ಅದರಲ್ಲಿ ಬೆಣ್ಣೆಯ ನೆರಳು ಇರುತ್ತದೆ ಎಂದು. ನಾನು ಮೆಚ್ಚಿಕೊಂಡೆ, ನೋಡಿ! ಎಂಥ ಗಟ್ಟಿ ಮನಸ್ಸು ಎಂದು ನಮ್ಮ ಮನೆಯವರ ಮುಂದೆ ಹೊಗಳಿದೆ.

ನಾಲ್ಕು ದಿನಕ್ಕೆ ದರಿಬಡಚಿಯಿಂದ ಹಸೀನಾಬಿ ಬಂದಳು. ಮಾವನಿಗೆ ವರ್ಷಾನುಗಟ್ಟಲೆ ಬೆಣ್ಣೆ ಕೊಡುತ್ತಿದ್ದವಳು. ಎರಡು ಎಮ್ಮೆ, ಒಂದು ದೊಡ್ಡ ದನಿ. ಇನ್ನು ಬೆಣ್ಣೆ ತರಬೇಡ ಎಂದು ಮಾವ ಜೀಪಿನವನ ಕೈಯಲ್ಲಿ ಹೇಳಿಕಳಿಸಿದ್ದರು. ತಟ್ಟೆ ಮುಚ್ಚಿದ ಬೋಗುಣಿ ಸೊಂಟದ ಮೇಲಿಟ್ಟುಕೊಂಡು ಅಂಗಳದಲ್ಲಿ ನಿಂತಳು.

"ಶಿವಲಿಂಗಣ್ಣ, ನಿನ್ನ ಸೊಸಿ ಫೋನಿನಾಗ ಬರದಾಳಂತ. ತುಪ್ಪಾ ತಿಂದ್ರ ಹುಣ್ಣ ಬೆಳಿತೈತಂತ. ನನ್ನ ಮೊಮ್ಮಗಳ ಓದಿ ಹೇಳಿದ್ಲು. ನನ್ನ ಎಮ್ಮಿ ನಿನಗೇನ ಪಾಪಾ ಮಾಡ್ಯಾವೋ?"

ಮಾವ ನೆಲ ನೋಡುತ್ತ ಅಂದರು: "ನಿನ್ನ ಎಮ್ಮಿದಲ್ಲಬೇ. ನಾನ ಕಾಸೀನಿ, ನಾನ ಮಾರೀನಿ, ನಾನ ತಿಂದೀನಿ. ಎಷ್ಟ ಮಂದಿ ಮನಿಗಿ ಮುಟ್ಟಿಸೀನೋ."

ನಾನು ಬಾಗಿಲಲ್ಲಿದ್ದೆ. ಆಗ ತಿಳಿಯಿತು, ಈ ಮನುಷ್ಯ ಪಥ್ಯ ಮಾಡುತ್ತಿಲ್ಲ, ಶಿಕ್ಷೆ ಅನುಭವಿಸುತ್ತಿದ್ದಾರೆ ಎಂದು. ಊರೂರಿಗೆ ರೋಗ ಹಂಚಿದೆ ಎಂದು ನಂಬಿಬಿಟ್ಟಿದ್ದಾರೆ. ಹಸೀನಾಬಿ ನನ್ನ ಕಡೆ ತಿರುಗಿದಳು. "ಸಾಲಿ ಕಲತಾಕಿ ನೀ. ಹೌದೇನು, ಖರೇನ?" ಎಂದು ಕೇಳಿದಳು. ನಾನು ಬಾಗಿಲ ಹಿಂದಕ್ಕೆ ಸರಿದೆ. ಅವಳು ಬೋಗುಣಿಯನ್ನು ಕಟ್ಟೆಯ ಮೇಲಿಟ್ಟು, ಹಿಂದೆ ನೋಡದೆ ಹೋದಳು. ಆ ಬೆಣ್ಣೆ ಅಲ್ಲೇ ಹುಳಿಯಾಯಿತು.

ಮೂರನೆಯ ಗುರುವಾರ ಹೇಗೋ ಕಳೆಯಿತು. ಕಥೆ ಇರಲಿಲ್ಲ. ಹೊರಗೆ ಜೋಳ ಎದೆಮಟ್ಟ ಬೆಳೆದು ತೆನೆ ಹೊಡೆಯುತ್ತಿತ್ತು; ನಮ್ಮ ಮನೆಯ ಮನುಷ್ಯ ದಿನಕ್ಕೊಂದು ಎಳೆ ಸಣ್ಣಗಾಗುತ್ತಿದ್ದರು. ಅಂಗಿ ಮೈಗೆ ತಾಗುತ್ತಲೇ ಇರಲಿಲ್ಲ. ಬೆಳಗಿನ ಮಂಜಿನಲ್ಲಿ ಹೊಲದ ಬದುವಿನ ಮೇಲೆ ನಿಂತರೆ ಮಾವ ಯಾರು, ಒಣಗಿದ ಸಣಬಿನ ಕಡ್ಡಿ ಯಾವುದು ಎಂದು ದಿಟ್ಟಿಸಿ ನೋಡಬೇಕಿತ್ತು.

ನಾಲ್ಕನೆಯ ಗುರುವಾರ ಡಾಕ್ಟರಬಾಯಿ ತೂಕ ನೋಡಿದಳು, ಜ್ವರ ನೋಡಿದಳು, ನಳಿಕೆಯನ್ನು ತಟ್ಟೆಯಲ್ಲಿ ವಾಪಸಿಟ್ಟಳು. ಇವತ್ತು ಆಗುವುದಿಲ್ಲ ಎಂದಳು. ಜ್ವರ ಇಳಿಯಬೇಕು, ಮೈಯಲ್ಲಿ ಸ್ವಲ್ಪ ತ್ರಾಣ ಬರಬೇಕು. ಹೀಗೇ ಆದರೆ ಆರು ಮುಗಿಸುವುದು ಕಷ್ಟ, ನಡುವೆ ಬಿಟ್ಟರೆ ಗಡ್ಡೆ ಮತ್ತೆ ಬರುವ ಭಯ. "ಅಜ್ಜ ಏನು ಊಟ ಮಾಡುತ್ತಾರೆ?"

ನಾನು ಎಲ್ಲವನ್ನೂ ಹೇಳಿದೆ. ಪಡಸಾಲೆಯ ಮಾತು, ರೊಟ್ಟಿ, ಫೋನು, ಹಸೀನಾಬಿಯ ಬೋಗುಣಿ. ಹೇಳುತ್ತ ಹೇಳುತ್ತ ನನಗೆ ಅಳು ಬಂತು. ನಾನು ಅಳುವವಳಲ್ಲ, ಅತ್ತರೆ ಮೂಗು ಟೊಮೆಟೊ ಆಗುತ್ತದೆ.

ಡಾಕ್ಟರಬಾಯಿ ಬಯ್ಯಲಿಲ್ಲ. ಮಂಚದ ತುದಿಯಲ್ಲಿ ಕುಳಿತಳು. ಅವಳು ಮರಾಠಿಯಲ್ಲಿ ಹೇಳಿದ್ದನ್ನು ನನಗೆ ತಿಳಿದ ಕನ್ನಡದಲ್ಲಿ ಹೇಳುತ್ತೇನೆ. ಈ ಸಲ ಪೂರ್ತಿ ಕೇಳಿಸಿಕೊಂಡಿದ್ದೇನೆ.

"ಅಜ್ಜಾ, ಮೈಯ ಒಂದೊಂದು ಕೋಶವೂ ಒಂದು ಮನೆ. ಆ ಮನೆಯ ಗೋಡೆಗೆ ಕೊಲೆಸ್ಟ್ರಾಲ್ ಬೇಕೇ ಬೇಕು, ಒಳ್ಳೆಯ ಕೋಶಕ್ಕೂ ಬೇಕು. ಅದನ್ನು ಕೋಶ ತಾನೇ ಒಳಗೆ ಮಾಡಿಕೊಳ್ಳುತ್ತದೆ, ರಕ್ತದಿಂದಲೂ ಸ್ವಲ್ಪ ತೆಗೆದುಕೊಳ್ಳುತ್ತದೆ. ಸಾಕಾಯಿತು ಅನ್ನಿಸಿದಾಗ ನಿಲ್ಲಿಸುತ್ತದೆ. ಕೆಟ್ಟ ಕೋಶಕ್ಕೆ ಸಾಕು ಎನ್ನುವುದೇ ತಿಳಿಯುವುದಿಲ್ಲ. ಮಾಡುತ್ತಲೇ ಇರುತ್ತದೆ, ಎಳೆದುಕೊಳ್ಳುತ್ತಲೇ ಇರುತ್ತದೆ, ಕೂಡಿಡುತ್ತದೆ, ಆ ಸಾಮಾನಿನಿಂದ ಹೊಸ ಗೋಡೆ ಕಟ್ಟಿ ಹರಡುತ್ತದೆ. ನಾವು ಹುಡುಕುತ್ತಿರುವುದು ಅದನ್ನು ನಿಲ್ಲಿಸುವುದು ಹೇಗೆ ಎಂದು."

ಮಾವ ಮೆಲ್ಲಗೆ, ಸಂತೆಯ ಮರಾಠಿಯಲ್ಲಿ, ಅಂದರು: ಡಾಕ್ಟರಬಾಯಿ, ಬೆಣ್ಣೆ ಕಾಯುವಾಗ ಮಾತಾಡುತ್ತದೆ. ಚಟಪಟ ಅನ್ನುತ್ತದೆ. ನೀರಿನಂಶ ಹೋದ ಮೇಲೆ ಸುಮ್ಮನಾಗುತ್ತದೆ. ಸುಮ್ಮನಾದ ಕೂಡಲೇ ಪಾತೇಲಿ ಇಳಿಸಬೇಕು. ಈ ಕೆಟ್ಟ ಕೋಶಕ್ಕೆ ಇಳಿಸುವುದು ತಿಳಿಯುವುದಿಲ್ಲ, ಹೌದೇ?

"ಅಗದೀ ಬರೋಬರ್!" ಎಂದು ಡಾಕ್ಟರಬಾಯಿ ತೊಡೆ ತಟ್ಟಿದಳು. ತನ್ನ ದೊಡ್ಡ ಡಾಕ್ಟರಿಗೆ ಇದನ್ನು ಹೀಗೆಯೇ ಹೇಳುತ್ತೇನೆ ಎಂದಳು.

"ನಾನು ತುಪ್ಪ ಬಿಟ್ಟರೆ ಅದರ ಒಲೆ ಆರುತ್ತದೆಯೇ?"

"ಆರುತ್ತದೆಂದು ಯಾರೂ ತೋರಿಸಿಲ್ಲ ಅಜ್ಜಾ. ಆ ಒಲೆ ನಿಮ್ಮ ಅಡುಗೆಮನೆಯಲ್ಲಿಲ್ಲ, ಅದರೊಳಗೇ ಇದೆ. ನೀವು ಉಪವಾಸ ಬಿದ್ದರೂ ನಿಮ್ಮ ಲಿವರ್ ಕೊಲೆಸ್ಟ್ರಾಲ್ ಮಾಡಿ ರಕ್ತಕ್ಕೆ ಬಿಡುತ್ತದೆ. ಸೊರಗಿದ್ದು ನೀವು. ಹಾಗಂತ ಬಟ್ಟಲು ಎತ್ತಿ ಕುಡಿಯಬೇಡಿ, ಎದೆಗೂ ರಕ್ತನಾಳಕ್ಕೂ ಒಳ್ಳೆಯದಲ್ಲ. ಹಾಲು, ಬೇಳೆ, ರೊಟ್ಟಿ, ಮೇಲೊಂದು ಚಮಚ ತುಪ್ಪ. ಮನುಷ್ಯರಂತೆ ಉಣ್ಣಿ."

ಎದ್ದವಳು ಎದೆ ಬಡಿತ ಕೇಳಲು ಬಾಗಿದಳು. ಬಾಗಿದವಳ ಮೂಗು ಅರಳಿತು. ಮತ್ತೊಮ್ಮೆ ಮೂಸಿದಳು, ಮಾವನ ಮೀಸೆಯ ಹತ್ತಿರ. ಮೂಸಿ ಹೇಳುವ ವಿದ್ಯೆ ನಮ್ಮ ಮಾವನೊಬ್ಬರಿಗೇ ಗೊತ್ತು ಎಂದುಕೊಂಡಿದ್ದೆ.

"ಅಜ್ಜಾ, ಬೀಡಿ ಬಿಟ್ಟಿದ್ದೇನೆ ಎಂದು ಬರೆಸಿದ್ದಿರಲ್ಲ?"

ಮಾವ ನಾಚಿ ಮತ್ತೆ ಗೋಡೆ ಕಡೆ ತಿರುಗಿದರು. ಕನ್ನಡ ಬಂತು: "ಒಂದೊಂದ... ಕಣಿಕಿ ಬಣವಿ ಹಿಂದ..."

ನೋಡಿ, ಇಲ್ಲಿದೆ ನಮ್ಮ ಮನೆಯ ಬುದ್ಧಿವಂತಿಕೆ. ಏನೂ ಮಾಡದ ತುಪ್ಪವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ನಿಜವಾದ ಕಳ್ಳನನ್ನು ಬಣವೆಯ ಹಿಂದೆ ಸಾಕಿದ್ದರು. ಡಾಕ್ಟರಬಾಯಿಯ ದನಿ ಆಗ ಮೊದಲ ಸಲ ಗಡುಸಾಯಿತು. ಬೀಡಿಯ ವಿಷ ಪುಪ್ಪುಸದಿಂದ ರಕ್ತಕ್ಕೆ, ರಕ್ತದಿಂದ ಮೂತ್ರಕ್ಕೆ ಇಳಿಯುತ್ತದೆ. ಮೂತ್ರಕೋಶದಲ್ಲಿ ತಾಸುಗಟ್ಟಲೆ ನಿಂತು ಆ ಗೋಡೆಯನ್ನೇ ಸುಡುತ್ತದೆ. ಈ ರೋಗಕ್ಕೆ ಮುಖ್ಯ ಕಾರಣಗಳಲ್ಲಿ ಅದೇ ಮೊದಲು ಎಂದಳು. ಔಷಧ ಎರಡು ತಾಸು ನಿಲ್ಲಿಸುತ್ತೀರಿ, ವಿಷವನ್ನು ದಿನವೆಲ್ಲ ನಿಲ್ಲಿಸುತ್ತೀರಿ, ಯಾವುದು ಗೆಲ್ಲಬೇಕು?

ವಾಪಸು ಬರುವ ಬಸ್ಸು ಕವಠೆ ದಾಟಿತ್ತು. ಬಿಸಿಲು ಬಾಗಿ ಜೋಳದ ಹೊಲಗಳೆಲ್ಲ ತುಪ್ಪದ ಬಣ್ಣಕ್ಕೆ ತಿರುಗಿದ್ದವು. ನಾನೇ ಅಂದೆ: "ತಪ್ಪಾತ್ರಿ ಮಾಮಾ. ಅರ್ಧಾ ಕೇಳಿ ಬಂದು ಹೇಳಿದೆ."

"ನೀ ಅರ್ಧಾ ಹೇಳಿದಿ, ನಾ ಅರ್ಧಾ ಮುಚ್ಚಿಟ್ಟೆ," ಅಂದರು. "ಇಬ್ರೂ ಕೂಡಿ ಒಂದ ಪೂರಾ ಸುಳ್ಳ ಮಾಡಿದ್ವಿ ನೋಡು." ಕಿಸೆಯಿಂದ ಬೀಡಿಯ ಕಟ್ಟು ತೆಗೆದು ನನ್ನ ಕೈಗಿಟ್ಟರು. "ನಿನ್ನ ಕಡಿ ಇಟ್ಕೋ. ಬೇಡಿದ್ರ ಕೊಡಬ್ಯಾಡ. ಬೈದ್ರೂ ಕೊಡಬ್ಯಾಡ."

ಬೇಡಿದರು. ಬೈದರು ಕೂಡ. ಮೂರು ದಿನ ಮನೆಯಲ್ಲಿ ಎಲ್ಲದರ ಮೇಲೂ ಸಿಟ್ಟು; ಬಾಗಿಲ ಚಿಲಕಕ್ಕೂ ಬೈಗುಳ. ನಾನೂ ಬೈದೆ, ನನಗೇನು ಬಾಯಿಲ್ಲವೇ? ನಾಲ್ಕನೆಯ ದಿನ ಜ್ವರ ಬಿಟ್ಟಿತ್ತು. ಮಾವ ಅಂಗಿ ಹಾಕಿಕೊಂಡು ಜೀಪು ಹತ್ತಿದರು, ದರಿಬಡಚಿಗೆ. ನನ್ನನ್ನೂ ಕರೆದೊಯ್ದರು, ತಪ್ಪೊಪ್ಪಲು.

ಹಸೀನಾಬಿ ಎಮ್ಮೆ ತೊಳೆಯುತ್ತಿದ್ದಳು. ನನ್ನ ಮಾತನ್ನು ಪೂರ್ತಿ ಕೇಳಿ, ಎಮ್ಮೆಯ ಬೆನ್ನಿಗೆ ಒಂದು ತಂಬಿಗೆ ನೀರು ಹಾಕಿದಳು. "ನನಗ್ಯಾಕ ಹೇಳ್ತಿ? ಇದಕ್ಕ ಹೇಳು. ಮಾನಾ ಹೋಗಿದ್ದ ಇದರದು."

ಹೇಳಿದೆ. ಸತ್ಯವಾಗಿ. ಎಮ್ಮೆಯ ಮುಂದೆ ನಿಂತು ತಪ್ಪಾತವ್ವಾ ಎಂದೆ. ಮಾವ ನಕ್ಕದ್ದು ಎರಡು ವಾರದಲ್ಲಿ ಅದೇ ಮೊದಲು. ನಕ್ಕು ಕೆಮ್ಮಿ, ಗೋದಲಿಯ ಮೇಲೆ ಕುಳಿತುಬಿಟ್ಟರು. ಬರುವಾಗ ಬೋಗುಣಿ ತುಂಬ ಬೆಣ್ಣೆ ಇತ್ತು.

ಆ ಸಂಜೆ ಪಾತೇಲಿ ಮುಖ ತಿರುಗಿಸಿತು. ಮಾವನಿಗೆ ಒಲೆಯ ಹೊಗೆ ಬೇಡವೆಂದು ನಾನೇ ಕಾಸಿದೆ. ಅವರು ದೂರ, ಬೆನ್ನು ಮಾಡಿ ಕುಳಿತಿದ್ದರು. ಚಟಪಟ ಶುರುವಾಯಿತು, ಜೋರಾಯಿತು, ಒಂದು ವೀಳ್ಯದೆಲೆ ಹಾಕಿದೆ, ಮೆತ್ತಗಾಯಿತು. ನನಗೆ ಇನ್ನೂ ಕೇಳುತ್ತಿತ್ತು. "ಇಳಸು," ಅಂದರು ಮಾವ. ಅವರು ಅಂದ ಕ್ಷಣಕ್ಕೇ ಅದು ಸುಮ್ಮನಾಯಿತು.

ಉಳಿದ ಮೂರು ಗುರುವಾರ ಮುಗಿಸಿದೆವು. ಎಡಕ್ಕೆ, ಬೋರಲು, ಬಲಕ್ಕೆ. ಕಥೆಗಳು ವಾಪಸು ಬಂದವು. ನಾಯಿಗಳು ಈಗ ಐದಾಗಿದ್ದವು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ, ಎಡೆಯ ಅನ್ನವನ್ನು ಬೆಳೆಯ ಮೇಲೆ ಎರಚಿ ಚರಗ ಚೆಲ್ಲಿದೆವು. ತಲೆ ಮೀರಿದ ಜೋಳದ ನಡುವೆ ಮಾವ ಎಲ್ಲಿದ್ದಾರೆಂದು ಕಾಣಿಸುತ್ತಿರಲಿಲ್ಲ, ತೆನೆಗಳು ಅಲುಗಾಡಿದ ಕಡೆ ಅವರಿದ್ದರು. ಭೂಮಿತಾಯಿಗೆ ಕಡಬು ಇಟ್ಟು ಮೇಲೆ ತುಪ್ಪ ಬಿಟ್ಟರು. ತಮ್ಮ ಕಡಬಿಗೆ ಒಂದೇ ಚಮಚ. ಸುಗ್ಗಿಯ ಹೊತ್ತಿಗೆ ಮತ್ತೆ ಕ್ಯಾಮೆರಾ ಬಿಟ್ಟು ನೋಡಿದರು. ಪರದೆಯ ಮೇಲೆ ಗುಲಾಬಿ ಬಣ್ಣದ ಖಾಲಿ ಗೋಡೆ. "ಸ್ವಚ್ಛ" ಎಂದಳು ಡಾಕ್ಟರಬಾಯಿ. ಆದರೆ ಈ ರೋಗವನ್ನು ನಂಬುವಂತಿಲ್ಲ, ನೋಡುತ್ತಲೇ ಇರಬೇಕು ಎಂದಳು. ಅಂದಿನಿಂದ ನೋಡುತ್ತಲೇ ಇದ್ದೇವೆ. ಒಮ್ಮೆ ಮತ್ತೆ ಸಣ್ಣದೊಂದು ಕಾಣಿಸಿತು, ತೆಗೆದರು. ಈಗ ಎರಡು ವರ್ಷದಿಂದ ಇಲ್ಲ. ನನ್ನ ಆ ಬರಹವನ್ನು, ಡಾಕ್ಟರಬಾಯಿ ಪೂರ್ತಿ ತಿಳಿಸಿ ಹೇಳಿದ ದಿನವೇ, ಅಳಿಸಿದ್ದೆ. ಅದನ್ನು ಓದಿ ಯಾರಾದರೂ ತಟ್ಟೆಯಿಂದ ತುಪ್ಪ ತೆಗೆದು ಬೀಡಿ ಉಳಿಸಿಕೊಂಡಿದ್ದರೆ, ಇದು ಅವರಿಗೆ.

ನಾಳೆ ಗುರುವಾರ, ಮತ್ತೆ ಕ್ಯಾಮೆರಾದ ದಿನ. ಕರೆದೊಯ್ಯಲೆಂದೇ ನಾನು ಬಂದದ್ದು. ಮಕ್ಕಳ ಕಾಲೇಜಿಗಾಗಿ ನಾವು ಜತ್ತಕ್ಕೆ ಹೋದ ಮೇಲೆ ಮಾವ ಇಲ್ಲಿ ನನ್ನ ಮೈದುನನ ಸಂಸಾರದ ಜೊತೆ ಇದ್ದಾರೆ.

ನಿನ್ನೆ ವಾಸನೆ ಹಿಡಿದು ಹಿತ್ತಲಿಗೆ ಹೋದರೆ ಒಲೆಯ ಮುಂದೆ ಅವರೇ ಕುಳಿತಿದ್ದರು. ಹೊಗೆ ಬೇಡವೆಂದರೆ ಕೇಳುವ ಮನುಷ್ಯನಲ್ಲ. ನಾನು ಕರೆದೆ. ತಿರುಗಲಿಲ್ಲ. ಇನ್ನೊಮ್ಮೆ ಕರೆದೆ. ಈ ವರ್ಷ ಕಿವಿ ಬಹಳ ಮಂದವಾಗಿದೆ ಎಂದು ಮೈದುನ ಫೋನಿನಲ್ಲಿ ಹೇಳಿದ್ದು ನೆನಪಾಯಿತು. ಹತ್ತಿರ ಹೋಗಿ ಕುಳಿತಾಗ ನನ್ನ ಕಡೆ ನೋಡಿ, ನಾನು ಹಿಂದಿನ ದಿನವೂ ಅಲ್ಲೇ ಕುಳಿತಿದ್ದೆನೇನೋ ಎಂಬಂತೆ ಕೇಳಿದರು:

"ಸುಮಿತ್ರಾ, ಸಪ್ಪಳಾ ನಿಂತಿತೇನು?"

ಪಾತೇಲಿಯ ಮೇಲೆ ಬಾಗಿದೆ. ತಳದಲ್ಲಿ ಎಲ್ಲೋ ಒಂದು ಸಣ್ಣ ಚಟ್. ಆಮೇಲೆ ಇನ್ನೊಂದು.

"ಇನ್ನಾ ಇಲ್ರಿ ಮಾಮಾ."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಉಸಿರು ಹಿಡಿದೆ.

"ನಿಂತಿತ್ರಿ."

ಎರಡು ಕಡೆ ಬಟ್ಟೆ ಹಿಡಿದು ಇಬ್ಬರೂ ಇಳಿಸಿದೆವು. ಮಾವ ಒಲೆಗೆ ನೀರು ಚಿಮುಕಿಸಿದರು. ಇಳಿಸಿಟ್ಟ ಮೇಲೂ ಬಹಳ ಹೊತ್ತು, ಕೇಳುವವಳು ನಾನೂ ಕೇಳದವರು ಅವರೂ, ಅದರ ಕಡೆಗೇ ಕಿವಿಗೊಟ್ಟು ಕುಳಿತಿದ್ದೆವು.